ಒಂದೇ ಗೇರು, ಕಲ್ಲು ಗುಡ್ಡ: ಸಿಂಗಲ್‌ಸ್ಪೀಡ್ ಎಂಟಿಬಿ ರೇಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ, ಧಾರವಾಡ, ಗದಗ ಕಡೆ ಗುಡ್ಡದಲ್ಲಿ ಸೈಕಲ್ ಹೊಡೆಯುವವರ ನಡುವೆ ಗೇರ್ ಇಲ್ಲದ ಎಂಟಿಬಿ (ಮೌಂಟನ್ ಬೈಕ್, ಗುಡ್ಡದ ಸೈಕಲ್) ತಂದು ನಿಲ್ಲಿಸಿದರೆ ಮೊದಲು ಬರುವುದು ನಗು, ಆಮೇಲೆ ಪ್ರಶ್ನೆ. ನಗುವಿಗೆ ಏನೂ ಮಾಡಲಾಗದು. ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ.

ಸಿಂಗಲ್‌ಸ್ಪೀಡ್ ಅಂದ್ರೆ ನಮ್ಮ ಅಜ್ಜನ ಹಳೇ ಅಟ್ಲಾಸ್ ಸೈಕಲ್ ಇದ್ದ ಹಾಗೇನೇ ಅಲ್ವಾ?

ಮೂಲದಲ್ಲಿ ಹೌದು. ಮುಂದೆ ಪೆಡಲಿನ ಬಳಿ ಒಂದು ಹಲ್ಲುಚಕ್ರ (ಚೈನ್‌ರಿಂಗ್), ಹಿಂದಿನ ಚಕ್ರಕ್ಕೆ ಒಂದು ಹಲ್ಲುಚಕ್ರ (ಕಾಗ್), ನಡುವೆ ಒಂದು ಚೈನ್. ಹೊಲಕ್ಕೆ, ಸಂತೆಗೆ, ಗಿರಣಿಗೆ ನಮ್ಮ ಜನ ಓಡಾಡಿದ್ದೆಲ್ಲ ಸಿಂಗಲ್‌ಸ್ಪೀಡ್ ಮೇಲೇನೇ. ವ್ಯತ್ಯಾಸ ಇರುವುದು ಹಲ್ಲಿನ ಲೆಕ್ಕದಲ್ಲಿ. ಆ ಕರೀ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ಹಾಕಿದರೆ ಸೈಕಲ್ ಐದು ಮೀಟರಿಗಿಂತ ಜಾಸ್ತಿ ಮುಂದೆ ಹೋಗುತ್ತದೆ. ಸಪಾಟು ರಸ್ತೆಗೆ ಅದು ಸರಿ. ಗುಡ್ಡದ ರೇಸಿಗೆ ಬಹಳ ಭಾರ. ಎಂಟಿಬಿ ಸಿಂಗಲ್‌ಸ್ಪೀಡಿನಲ್ಲಿ ಒಂದು ಸುತ್ತಿಗೆ ಮೂರೂವರೆಯಿಂದ ನಾಲ್ಕು ಮೀಟರ್ ಅಷ್ಟೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡೋಣ. ಇದು ಫಿಕ್ಸಿ ಅಲ್ಲ. ಫಿಕ್ಸಿಯಲ್ಲಿ ಚಕ್ರ ತಿರುಗುವವರೆಗೂ ಪೆಡಲ್ ತಿರುಗುತ್ತಲೇ ಇರುತ್ತದೆ. ಸಿಂಗಲ್‌ಸ್ಪೀಡಿನಲ್ಲಿ ಫ್ರೀವೀಲ್ ಇದೆ, ಇಳಿಜಾರಿನಲ್ಲಿ ಕಾಲು ಸುಮ್ನೆ ಇಡಬಹುದು.

ಗೇರ್ ಇರುವಾಗ ಗೇರ್ ಇಲ್ಲದ್ದು ಯಾಕೆ? ಹುಚ್ಚಾ?

ಸ್ವಲ್ಪ ಹುಚ್ಚು ಇದೆ. ಆದರೆ ಕಾರಣಗಳೂ ಇವೆ, ಅದರಲ್ಲೂ ನಮ್ಮ ನೆಲಕ್ಕೆ.

ಎಂಟಿಬಿಯಲ್ಲಿ ಮೊದಲು ಕೈಕೊಡುವುದು ಹಿಂದಿನ ಡಿರೇಲರ್, ಅಂದರೆ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ. ಹೊರಗೆ ಚಾಚಿಕೊಂಡು ನೆಲದ ಹತ್ತಿರ ನೇತಾಡುತ್ತಿರುತ್ತದೆ. ಕಲ್ಲಿಗೆ ಬಡಿದರೆ ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಬಾಗುತ್ತದೆ, ಜಾಲಿ ಟೊಂಗೆ ಸಿಕ್ಕಿಕೊಂಡರೆ ಕಿತ್ತೇ ಬರುತ್ತದೆ. ಎರಿ (ಕಪ್ಪು) ಮಣ್ಣು ಹುಲ್ಲಿನ ಜೊತೆ ಸೇರಿ ಅದರ ಪುಟ್ಟ ಚಕ್ರಗಳಲ್ಲಿ ತುಂಬಿದರೆ ಚೈನ್ ಸಿಕ್ಕಿಹಾಕಿಕೊಂಡು ಡಿರೇಲರನ್ನೇ ಮೇಲಕ್ಕೆ ತಿರುಚಿ ಹಾಕುತ್ತದೆ. ಸಿಂಗಲ್‌ಸ್ಪೀಡಿನಲ್ಲಿ ಈ ಯಾವ ತಲೆನೋವೂ ಇಲ್ಲ. 12 ಸ್ಪೀಡಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಚೈನ್, ಗೇರ್ ಬದಲಿಸುವ ಶಿಫ್ಟರ್ ಬೆಲೆ ಕೇಳಿದವರಿಗೆ ಇನ್ನೊಂದು ಕಾರಣವೂ ತಾನಾಗಿ ತಿಳಿಯುತ್ತದೆ.

ಇನ್ನು ಓಡಿಸುವ ಮಾತು. ಗೇರ್ ಇದ್ದವರು ಏರು ಬಂತು ಅಂದ ಕೂಡಲೇ ಹಗುರ ಗೇರಿಗೆ ಇಳಿದು ನಿಧಾನ ಆಗುತ್ತಾರೆ. ಸಿಂಗಲ್‌ಸ್ಪೀಡಿನವರಿಗೆ ಆ ದಾರಿ ಇಲ್ಲ. ತಂದ ವೇಗವನ್ನು ಕಳೆದುಕೊಳ್ಳದ ಹಾಗೆ ಓಡಿಸಬೇಕು. ಎಲ್ಲಿ ಬ್ರೇಕ್ ಹಿಡಿಯಬಾರದು, ಯಾವ ಕಲ್ಲಿನ ಯಾವ ಬದಿಗೆ ಹೋಗಬೇಕು ಅನ್ನುವುದು ಬೇಗ ಕಲಿಯುತ್ತೀರಿ, ಕಲಿಯದಿದ್ದರೆ ತಳ್ಳಿಕೊಂಡು ಹೋಗುತ್ತೀರಿ.

ಯಾವ ಗೇರ್ ಹಾಕಲಿ? 32×20 ಸರೀನಾ?

ಜಾಸ್ತಿ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಸ್ವಲ್ಪ ಲೆಕ್ಕ ಬೇಕು.

29 ಇಂಚಿನ ಚಕ್ರ, ದಪ್ಪ ಟೈರು ಹಾಕಿದಾಗ ಒಂದು ಸುತ್ತಿಗೆ ಸುಮಾರು 2.29 ಮೀಟರ್ ಉರುಳುತ್ತದೆ. ಮುಂದೆ 32, ಹಿಂದೆ 20 ಅಂದರೆ ಅನುಪಾತ 1.6. ಪೆಡಲಿನ ಒಂದು ಸುತ್ತಿಗೆ 3.66 ಮೀಟರ್. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 20 ಕಿ.ಮೀ. ಕಾಲು ಕಿತ್ತು ಹೋಗುವ ಹಾಗೆ 110 ಸುತ್ತು ತುಳಿದರೂ 24 ದಾಟುವುದು ಕಷ್ಟ. 32×18 ಆದರೆ 90 ಸುತ್ತಿಗೆ 22 ಕಿ.ಮೀ, 32×22 ಆದರೆ 18 ಕಿ.ಮೀ.

ಈಗ ಏರು ನೋಡಿ. ಕಡಿದಾದ ಕಲ್ಲಿನ ಏರಿನಲ್ಲಿ ಗಂಟೆಗೆ 6 ಕಿ.ಮೀ ವೇಗ ಇದೆ ಅಂದುಕೊಳ್ಳಿ. 32×20ರಲ್ಲಿ ಅದು ನಿಮಿಷಕ್ಕೆ ಬರೀ 27 ಸುತ್ತು. ಪಕ್ಕದಲ್ಲಿ 32×51 ಹಾಕಿಕೊಂಡವರು ಅದೇ ವೇಗಕ್ಕೆ 70 ಸುತ್ತು ಸಲೀಸಾಗಿ ತಿರುಗಿಸುತ್ತಾರೆ. ಅಂದರೆ ನಿಮ್ಮ ಒಂದೊಂದು ತುಳಿತಕ್ಕೂ ಅವರ ಎರಡೂವರೆ ಪಟ್ಟು ಬಲ ಬೇಕು. 27 ಸುತ್ತಿನಲ್ಲಿ ಎರಡು ತುಳಿತದ ನಡುವೆ ಸೈಕಲ್ ನಿಂತೇ ಹೋದ ಹಾಗೆ ಆಗುತ್ತದೆ. ಬ್ಯಾಲೆನ್ಸ್ ಸಿಗುವುದಿಲ್ಲ. ಹಾಗಾಗಿ ಸಿಂಗಲ್‌ಸ್ಪೀಡಿನಲ್ಲಿ ಏರನ್ನು ನಿಧಾನಕ್ಕೆ ಹತ್ತುವುದು ಅನ್ನೋದೇ ಇಲ್ಲ. ಒಂದೋ ಜೋರಾಗಿ ಹತ್ತಬೇಕು, ಇಲ್ಲ ಇಳಿದು ತಳ್ಳಬೇಕು. ಇದನ್ನು ಒಪ್ಪಿಕೊಂಡರೆ ಅರ್ಧ ಆಟ ಕಲಿತ ಹಾಗೆ.

ಹೊಸಬರು 32×20ರಿಂದ ಶುರು ಮಾಡಿ. ಗದಗ ಕಡೆಯ ಕಪ್ಪತಗುಡ್ಡದ ಆಸುಪಾಸಿನಂಥ ಏರಿಗೆ 32×21 ಅಥವಾ 22 ಹಾಕಿದರೆ ನಾಚಿಕೆ ಪಡಬೇಕಿಲ್ಲ. ಧಾರವಾಡದ ಪಶ್ಚಿಮಕ್ಕೆ, ದಕ್ಷಿಣಕ್ಕೆ, ಕೆಲಗೇರಿ ಕಲಘಟಗಿ ಕಡೆಯ ಏರಿಳಿತದ ಕೆಂಪು ದಾರಿಗೆ 19 ಅಥವಾ 18 ಓಡುತ್ತದೆ. ಹಿಂದೆ ಒಂದು ಹಲ್ಲು ಬದಲಿಸಿದರೆ ಗೇರ್ ಸುಮಾರು ಶೇ. 5ರಷ್ಟು ಬದಲಾಗುತ್ತದೆ. ಮುಂದೆ ಒಂದು ಹಲ್ಲು ಬದಲಿಸಿದರೆ ಶೇ. 3. ಸಣ್ಣ ತಿದ್ದುಪಡಿ ಬೇಕಿದ್ದರೆ ಮುಂದಿನದನ್ನು ಮುಟ್ಟಿ.

ಕೋರ್ಸ್ ನೋಡದೆ ಗೇರ್ ಹಾಕಬೇಡಿ. ಹಿಂದಿನ ದಿನವೇ ಹೋಗಿ ಒಂದು ಸುತ್ತು ಹೊಡೆಯಿರಿ. ಕೋರ್ಸಿನ ಅತಿ ಕಡಿದಾದ ಏರಿಗೆ ಗೇರ್ ಹಾಕಬೇಡಿ, ಅದನ್ನು ಓಡಿಕೊಂಡೇ ಹತ್ತಬಹುದು. ಅದರ ನಂತರದ ಎರಡನೇ ಕಡಿದಾದ ಏರು ಯಾವುದು ನೋಡಿ, ಅದಕ್ಕೆ ಹಾಕಿ.

ನಮ್ಮಲ್ಲಿ ಸಿಂಗಲ್‌ಸ್ಪೀಡಿಗೆ ಅಂತ ಬೇರೆ ರೇಸ್ ಇದೆಯಾ?

ರಾಜ್ಯ, ರಾಷ್ಟ್ರ ಮಟ್ಟದ ಚಾಂಪಿಯನ್‌ಶಿಪ್‌ಗಳಲ್ಲಿ ವರ್ಗಗಳು ವಯಸ್ಸಿನ ಪ್ರಕಾರ, ಗಂಡು ಹೆಣ್ಣು ಅನ್ನುವ ಪ್ರಕಾರ. ಗೇರಿನ ಪ್ರಕಾರ ಅಲ್ಲ. ಸಿಂಗಲ್‌ಸ್ಪೀಡ್ ತಂದರೆ ಎಲ್ಲರ ಜೊತೆಗೇ ನಿಲ್ಲಬೇಕು. ಅಮೆರಿಕದಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿನಲ್ಲೇ ಸಿಂಗಲ್‌ಸ್ಪೀಡಿಗೆ ಬೇರೆ ವರ್ಗ ಇದೆ. ಇನ್ನು ಸಿಂಗಲ್‌ಸ್ಪೀಡ್ ವಿಶ್ವ ಚಾಂಪಿಯನ್‌ಶಿಪ್ ಅಂತ ಒಂದು ನಡೆಯುತ್ತದೆ, ಅದರ ಹಿಂದೆ ಯಾವ ಫೆಡರೇಷನ್ನೂ ಇಲ್ಲ. ಜನ ವೇಷ ಹಾಕಿಕೊಂಡು ಬರುತ್ತಾರೆ. ಗೆದ್ದವರಿಗೆ ಸಿಗುವುದು ಮೈಮೇಲೆ ಹಚ್ಚೆ. ಮುಂದಿನ ವರ್ಷ ಯಾವ ಊರು ಅನ್ನುವುದು ಚಿತ್ರವಿಚಿತ್ರ ಆಟಗಳಿಂದ ತೀರ್ಮಾನ ಆಗುತ್ತದೆ.

ನಮ್ಮ ಕಡೆ ಸೈಕಲ್ ರೇಸಿಗೇನೂ ಬರ ಇಲ್ಲ. ವಿಜಯಪುರ, ಬಾಗಲಕೋಟೆ, ಗದಗ ಭಾಗದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಪದಕ ತರುತ್ತಲೇ ಇದ್ದಾರೆ. ಗದಗ ಪಕ್ಕದ ಬಿಂಕದಕಟ್ಟಿಯಲ್ಲಿ ರಾಷ್ಟ್ರೀಯ ಎಂಟಿಬಿ ಚಾಂಪಿಯನ್‌ಶಿಪ್ಪೂ ನಡೆದಿದೆ. ನೆಲ ಗಟ್ಟಿ ಇದೆ, ಕಾಲು ಗಟ್ಟಿ ಇದೆ. ಸಿಂಗಲ್‌ಸ್ಪೀಡ್ ವರ್ಗ ಒಂದನ್ನು ಯಾರಾದರೂ ಶುರು ಮಾಡಿದರೆ ಸಾಕು.

ಗೇರ್ ಇಲ್ಲದ ಸೈಕಲ್ಲಿನಲ್ಲಿ ಕ್ರಾಸ್ ಕಂಟ್ರಿ ರೇಸಿಗೆ ಬಿಡ್ತಾರಾ?

ಗೇರ್ ಇರಲೇಬೇಕು ಅನ್ನುವ ನಿಯಮ ಇಲ್ಲ. ಎರಡೂ ಚಕ್ರಕ್ಕೆ ಕೆಲಸ ಮಾಡುವ ಬ್ರೇಕ್, ತಲೆಗೆ ಹೆಲ್ಮೆಟ್ ಬೇಕು. ನಿಮಗೆ ಕಾಡುವುದು ಶೇ. 80ರ ನಿಯಮ. ಮುಂದಿರುವವರ ಮೊದಲ ಸುತ್ತಿನ ಸಮಯದ ಶೇ. 80ರಷ್ಟು ಹಿಂದೆ ಬಿದ್ದರೆ ನಿಮ್ಮನ್ನು ರೇಸಿನಿಂದ ಹೊರಗೆ ತೆಗೆಯುತ್ತಾರೆ. ಮೊದಲ ಸುತ್ತು 15 ನಿಮಿಷದ್ದಾದರೆ, ಮುಂದಿರುವವರಿಗಿಂತ 12 ನಿಮಿಷ ಹಿಂದೆ ಬಿದ್ದ ಕೂಡಲೇ ಆಟ ಮುಗೀತು. ಚಿಕ್ಕ ಕೋರ್ಸಿನಲ್ಲಿ ಇದು ಬೇಗ ಬಂದು ಮುಟ್ಟುತ್ತದೆ.

ಸೈಕಲ್ ಕೆಟ್ಟರೆ ನೀವೇ ಸರಿಮಾಡಿಕೊಳ್ಳಬೇಕು, ಇಲ್ಲ ನಿಗದಿ ಮಾಡಿದ ಜಾಗದವರೆಗೆ ಹೊತ್ತು ತರಬೇಕು. ದಾರಿಯಲ್ಲಿ ನಿಂತ ಗೆಳೆಯ ಪಾನಾ ಕೊಟ್ಟರೂ ತಪ್ಪೇ.

ಅಂಗಡಿಯಲ್ಲಿ ಎಂಟು–ಹತ್ತು ಸಾವಿರಕ್ಕೆ "ಸಿಂಗಲ್ ಸ್ಪೀಡ್ ಎಂಟಿಬಿ" ಸಿಗುತ್ತೆ. ಅದು ನಡೆಯಲ್ವಾ?

ಕಾಲೇಜಿಗೆ ಹೋಗಿಬರಲು ನಡೆಯುತ್ತದೆ. ಕಲ್ಲಿನ ಗುಡ್ಡಕ್ಕೆ ಬೇಡ. ಅವುಗಳ ಮುಂದಿನ ಫೋರ್ಕ್ ನೋಡಲು ಸಸ್ಪೆನ್ಷನ್, ಒಳಗೆ ಬರೀ ಒಂದು ಸ್ಪ್ರಿಂಗ್. ಅದರ ಪುಟಿತ ತಡೆಯುವ ಡ್ಯಾಂಪಿಂಗ್ ಇಲ್ಲ, ಕಲ್ಲಿಗೆ ಬಡಿದ ಮೇಲೆ ವಾಪಸ್ ಪುಟಿದು ಕೈಯಿಂದ ಹ್ಯಾಂಡಲ್ ಕಿತ್ತುಕೊಳ್ಳುತ್ತದೆ. ರಿಮ್ ಒಂಟಿ ಪದರದ್ದು. ಪೆಡಲ್ ಪ್ಲಾಸ್ಟಿಕ್. ಗೇರ್ ಕೂಡ ರಸ್ತೆಗೆ ಹೊಂದುವಷ್ಟು ಭಾರ.

ಅದರ ಬದಲು ಹಳೇದಾದರೂ ಒಳ್ಳೆಯ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಎಂಟಿಬಿ) ಹುಡುಕಿ. ಗೇರ್ ಕೆಟ್ಟು ಮೂಲೆಗೆ ಸೇರಿದ ಎಷ್ಟೋ ಸೈಕಲ್ ಹುಬ್ಬಳ್ಳಿಯ ಮನೆಗಳ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿವೆ. ಸಿಂಗಲ್‌ಸ್ಪೀಡಿಗೆ ಬೇಕಿರುವುದು ಅಂಥದ್ದೇ.

ಗೇರ್ ಸೈಕಲ್ಲನ್ನು ಸಿಂಗಲ್‌ಸ್ಪೀಡ್ ಮಾಡೋದು ಹೇಗೆ?

ಡಿರೇಲರ್, ಶಿಫ್ಟರ್, ಕೇಬಲ್, ಕ್ಯಾಸೆಟ್ ತೆಗೆಯಿರಿ. ಫ್ರೀಹಬ್ (ಹಿಂದಿನ ಚಕ್ರದಲ್ಲಿ ಕ್ಯಾಸೆಟ್ ಕೂರುವ ಭಾಗ) ಮೇಲೆ ಒಂದು ಕಾಗ್, ಅದರ ಎರಡೂ ಬದಿಗೆ ಸ್ಪೇಸರ್. ಹಳೇ ಕ್ಯಾಸೆಟ್ಟಿನ ಒಂದು ತೆಳು ಕಾಗ್ ಕಿತ್ತು ಹಾಕಬಹುದಾ ಅಂತ ಕೇಳುತ್ತಾರೆ. ಪರೀಕ್ಷೆ ಮಾಡಲು ಹಾಕಿ, ರೇಸಿಗೆ ಬೇಡ. ನಿಂತು ತುಳಿಯುವಾಗ ಪೂರ್ತಿ ಬಲ ಆ ಒಂದೇ ತೆಳು ತಗಡಿನ ಮೇಲೆ ಬಿದ್ದು ಅಲ್ಯುಮಿನಿಯಂ ಫ್ರೀಹಬ್ಬಿಗೆ ಕಚ್ಚಿಕೊಳ್ಳುತ್ತದೆ. ಬುಡ ಅಗಲ ಇರುವ, ಸಿಂಗಲ್‌ಸ್ಪೀಡಿಗೆ ಅಂತಲೇ ಮಾಡಿದ ಕಾಗ್ ತರಿಸಿ. ಮುಂದೆ ನ್ಯಾರೋ ವೈಡ್ (ಒಂದು ಹಲ್ಲು ತೆಳು, ಒಂದು ಹಲ್ಲು ದಪ್ಪ) ಚೈನ್‌ರಿಂಗ್ ಇದ್ದರೆ ಚೈನ್ ಬೀಳುವುದು ಕಡಿಮೆ.

ಚೈನ್‌ಲೈನ್ ನೇರ ಇರಬೇಕು. ಮೇಲಿನಿಂದ ನೋಡಿದರೆ ಮುಂದಿನ ಹಲ್ಲು, ಹಿಂದಿನ ಹಲ್ಲು ಒಂದೇ ಗೆರೆಯಲ್ಲಿ ಕಾಣಬೇಕು. ಸ್ಪೇಸರ್ ಆ ಕಡೆ ಈ ಕಡೆ ಹಾಕಿ ಸರಿಮಾಡಿ. ಅರ್ಧ ಗಂಟೆ ಹೋದರೂ ಪರವಾಗಿಲ್ಲ, ಚೈನ್ ಬೀಳುವ ಕಾಯಿಲೆಗೆ ಬಹಳ ಸಲ ಇದೇ ಮದ್ದು.

ಚೈನ್ ಬಿಗಿ ಹೇಗೆ ಇಡೋದು?

ಸ್ಲೈಡಿಂಗ್ ಡ್ರಾಪ್‌ಔಟ್ (ಚಕ್ರ ಕೂರುವ ಕೊಂಡಿ ಹಿಂದೆ ಮುಂದೆ ಸರಿಯುವಂಥದ್ದು) ಇರುವ ಫ್ರೇಮ್ ಸಿಕ್ಕರೆ ಬಹಳ ಸುಲಭ, ಹಿಂದಿನ ಚಕ್ರವನ್ನೇ ಹಿಂದಕ್ಕೆ ಎಳೆಯಬಹುದು. ಕೆಲವಕ್ಕೆ ಬಾಟಮ್ ಬ್ರಾಕೆಟ್ (ಪೆಡಲಿನ ಅಚ್ಚು ಕೂರುವ ಜಾಗ) ತಿರುಗಿಸಿ ಬಿಗಿ ಮಾಡುವ ವ್ಯವಸ್ಥೆ ಇರುತ್ತದೆ. ಸಾದಾ ಫ್ರೇಮಿಗೆ ಸ್ಪ್ರಿಂಗ್ ಟೆನ್ಷನರ್ ಹಾಕಬೇಕು. ಕೆಲಸ ಮಾಡುತ್ತದೆ, ಆದರೆ ಮತ್ತೆ ಕೆಳಗೆ ನೇತಾಡುವ ಒಂದು ವಸ್ತು ಬಂತು ನೋಡಿ.

ಚೈನಿನ ಒಂದು ಕೊಂಡಿ 12.7 ಮಿ.ಮೀ. ಹಿಂದೆ ಒಂದು ಹಲ್ಲು ಬದಲಿಸಿದರೆ ಆಕ್ಸಲ್ ಸುಮಾರು 3 ಮಿ.ಮೀ ಸರಿಯಬೇಕು. ಸ್ಲೈಡರಿಗೆ 15 ಮಿ.ಮೀ ಜಾಗ ಇದ್ದರೆ ಒಂದೇ ಚೈನಿನಲ್ಲಿ 18ರಿಂದ 22ರವರೆಗೆ ಆಡಬಹುದು.

ಬಿಗಿ ನೋಡುವ ರೀತಿ ಹೀಗೆ. ಕೆಳಗಿನ ಚೈನಿನ ನಡುವೆ ಬೆರಳಿಟ್ಟು ಮೇಲೆ ಕೆಳಗೆ ಆಡಿಸಿ. ಒಟ್ಟು ಒಂದು ಸೆಂಟಿಮೀಟರಿನಷ್ಟು ಆಡಬೇಕು. ಈಗ ಪೆಡಲನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ನೋಡಿ. ಹೀಗೆ ಪೂರ್ತಿ ಸುತ್ತು. ಒಂದು ಕಡೆ ತಂತಿಯ ಹಾಗೆ ಬಿಗಿ, ಇನ್ನೊಂದು ಕಡೆ ಸಡಿಲ ಬರಬಹುದು. ಚೈನ್‌ರಿಂಗ್ ಪೂರ್ತಿ ನಡುಮಧ್ಯ ಕೂತಿಲ್ಲ ಅಂತ ಅರ್ಥ. ಅದರ ಬೋಲ್ಟುಗಳನ್ನು ಸ್ವಲ್ಪ ಸಡಿಲಿಸಿ, ಬಿಗಿ ಇರುವ ಜಾಗದಲ್ಲಿ ಚೈನನ್ನು ಮೆಲ್ಲಗೆ ತಟ್ಟಿ, ಮತ್ತೆ ಬಿಗಿ ಮಾಡಿ. ಅತಿ ಬಿಗಿ ಇರುವ ಜಾಗಕ್ಕೆ ಹೊಂದಿಸಿಯೇ ಚಕ್ರ ಕೂರಿಸಬೇಕು. ವಿಪರೀತ ಬಿಗಿ ಮಾಡಿದರೆ ಬೇರಿಂಗ್ ಹಾಳು.

ಸವೆತ ನೋಡಲು ಸ್ಕೂಲ್ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ 24 ಕೊಂಡಿ ಸರಿಯಾಗಿ 12 ಇಂಚು. ಅದು 12 ಇಂಚಿನ ಮೇಲೆ ಒಂದು ಇಂಚಿನ ಹದಿನಾರನೇ ಒಂದು ಭಾಗ ದಾಟಿದರೆ ಬದಲಿಸಿ.

ಕಲ್ಲಿನ ಏರು ಹತ್ತೋದು ಹೇಗೆ? ಅರ್ಧಕ್ಕೇ ನಿಂತು ಹೋಗ್ತೀನಿ.

ಏರಿನ ಕೆಲಸ ಏರಿನ ಮೊದಲೇ ಶುರುವಾಗಬೇಕು. ಇಳಿಜಾರು ಮುಗಿದು ಏರು ಶುರುವಾಗುವ ತಿರುವಿನಲ್ಲಿ ಎಲ್ಲರೂ ಬ್ರೇಕ್ ಒತ್ತುತ್ತಾರೆ. ಅಲ್ಲಿ ಒತ್ತಬೇಡಿ. ಬ್ರೇಕ್ ಏನಿದ್ದರೂ ತಿರುವಿನ ಮುಂಚೆ ಒತ್ತಿ ಮುಗಿಸಿ, ತಿರುವಿನಿಂದ ಬಿಟ್ಟುಕೊಂಡು ಬನ್ನಿ.

ಏರಿನಲ್ಲಿ ಸೀಟಿನಿಂದ ಏಳಲೇಬೇಕು. ಎದ್ದ ಕೂಡಲೇ ಮೈಭಾರ ಮುಂದೆ ಹೋಗಿ ಹಿಂದಿನ ಚಕ್ರ ಗರಸಿನಲ್ಲಿ ಜಾರುತ್ತದೆ. ಹಾಗಾಗಿ ಎದೆ ಕೆಳಗೆ, ಸೊಂಟ ಹಿಂದೆ, ಸೀಟಿನ ಮೂತಿ ತೊಡೆಗೆ ತಾಗುವಷ್ಟು ಹತ್ತಿರ. ಬಲಗಾಲು ತುಳಿಯುವಾಗ ಬಲಗೈ ಹ್ಯಾಂಡಲನ್ನು ಸೊಂಟದ ಕಡೆಗೆ ಎಳೆಯಬೇಕು. ಮೇಲಕ್ಕಲ್ಲ. ಮೇಲಕ್ಕೆ ಎಳೆದರೆ ಮುಂದಿನ ಚಕ್ರ ಎದ್ದು ದಾರಿ ತಪ್ಪುತ್ತದೆ. 760 ಮಿ.ಮೀ ಆಸುಪಾಸಿನ ಅಗಲ ಹ್ಯಾಂಡಲ್ ಇಲ್ಲಿ ನೆರವಾಗುತ್ತದೆ.

ಈಗ ಏರಿನ ನಡುವೆ ಒಂದು ಗೇಣೆತ್ತರದ ಕಲ್ಲು ಅಡ್ಡ ಇದೆ ಅಂದುಕೊಳ್ಳಿ. ಎರಡು ಮೀಟರ್ ಮೊದಲೇ ಕಾಲಿನ ಲೆಕ್ಕ ಹಾಕಿ. ಕಲ್ಲಿನ ಹತ್ತಿರ ಬಂದಾಗ ನಿಮ್ಮ ಗಟ್ಟಿ ಕಾಲು ಮುಂದೆ, ಪೆಡಲ್ ಸ್ವಲ್ಪ ಮೇಲೆ ಇರಬೇಕು. ಗಡಿಯಾರದಲ್ಲಿ ಎರಡು ಗಂಟೆ ಇರುವ ಕಡೆ. ಹಾಗೆ ಬರದಿದ್ದರೆ ಪೆಡಲನ್ನು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ ಹೊಂದಿಸಿಕೊಳ್ಳಿ. ಒಂದು ತುಳಿತಕ್ಕೆ ಮುಂದಿನ ಚಕ್ರ ಕಲ್ಲಿನ ಮೇಲೆ. ಕೂಡಲೇ ಎದೆ ಮುಂದಕ್ಕೆ, ಮೈ ಹಗುರ. ಹಿಂದಿನ ಚಕ್ರ ಕಲ್ಲಿಗೆ ತಾಗಿದ ಸದ್ದು ಕೇಳಿದ ಮೇಲೆ ಇನ್ನೊಂದು ತುಳಿತ. ಈ ಹೊತ್ತಿನಲ್ಲಿ ಪೂರ್ತಿ ಸುತ್ತು ತುಳಿದರೆ ಕೆಳಗೆ ಹೋದ ಪೆಡಲ್ ಕಲ್ಲಿಗೆ ಬಡಿದು ನೀವು ಪಕ್ಕಕ್ಕೆ ಬೀಳುತ್ತೀರಿ. ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ಮತ್ತೆ ಮುಂದೆ, ಹೀಗೆ ದಾಟಬೇಕು.

ಇಲ್ಲಿ ಹಬ್ಬಿನ ಗುಣ ಗೊತ್ತಾಗುತ್ತದೆ. ಫ್ರೀಹಬ್ ಒಂದು ಸುತ್ತಿಗೆ 18 ಕಡೆ ಕಚ್ಚುವಂಥದ್ದಾದರೆ ಕಚ್ಚುವ ಮೊದಲು ಹಿಂದಿನ ಕಾಗ್ 20 ಡಿಗ್ರಿವರೆಗೆ ಖಾಲಿ ತಿರುಗಬಹುದು. 54 ಕಡೆ ಕಚ್ಚುವುದಾದರೆ 7 ಡಿಗ್ರಿಗಿಂತ ಕಡಿಮೆ. ದುಡ್ಡು ಹಾಕುವುದಾದರೆ ಮೊದಲು ಹಬ್ಬಿಗೆ ಹಾಕಿ, ಕಾರ್ಬನ್ ಹ್ಯಾಂಡಲಿಗಲ್ಲ. ಕ್ರ್ಯಾಂಕ್ (ಪೆಡಲ್ ಹಿಡಿದಿರುವ ತೋಳು) 175 ಬೇಡ, 170 ಅಥವಾ 165 ಮಿ.ಮೀ ತಗೊಳ್ಳಿ. ಉದ್ದ ಕ್ರ್ಯಾಂಕಿನಿಂದ ಬಲ ಸಿಗುತ್ತದೆ ನಿಜ, ಆದರೆ ಕಲ್ಲಿಗೆ ಬಡಿಯುವುದೂ ಅದೇ.

ಇಳಿದು ತಳ್ಳಿದರೆ ಮರ್ಯಾದೆ ಹೋಗಲ್ವಾ?

ಇಲ್ಲ. ಗಂಟೆಗೆ 5 ಕಿ.ಮೀ ವೇಗದಲ್ಲಿ ಒದ್ದಾಡಿಕೊಂಡು ಹತ್ತುವುದಕ್ಕಿಂತ ಇಳಿದು ಓಡುವುದು ಎಷ್ಟೋ ಸಲ ಬೇಗ, ದಣಿವೂ ಕಡಿಮೆ. ನಿಂತು ಹೋದ ಮೇಲೆ ಇಳಿಯಬೇಡಿ, ವೇಗ ಇರುವಾಗಲೇ ಇಳಿಯಿರಿ. ಇಳಿಯುವುದು, ಓಡುವುದು, ಮತ್ತೆ ಹತ್ತುವುದು, ಇದನ್ನೂ ಮೈದಾನದಲ್ಲಿ ಅಭ್ಯಾಸ ಮಾಡಿ. ಅದಕ್ಕೇ ಬೂಟಿನ ತಳ ಹಿಡಿತ ಇರುವಂಥದ್ದಾಗಿರಬೇಕು.

ಎರಿ ಮಣ್ಣಿನಲ್ಲಿ ಏನು ಗತಿ?

ಒದ್ದೆ ಎರಿಯಲ್ಲಿ ಯಾರಿಗೂ ಗತಿ ಇಲ್ಲ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ ಕಡೆ ಮಳೆ ಬಿದ್ದ ಮೇಲೆ ಚಕ್ಕಡಿ ದಾರಿಗೆ ಸೈಕಲ್ ಇಳಿಸಿ ನೋಡಿ. ಮೊದಲ ಹತ್ತು ಮೀಟರ್ ಏನೂ ಅನಿಸುವುದಿಲ್ಲ. ಆಮೇಲೆ ಟೈರಿಗೆ ರೊಟ್ಟಿ ಹಿಟ್ಟು ಮೆತ್ತಿದ ಹಾಗೆ ಒಂದು ಪದರ ಹತ್ತುತ್ತದೆ. ಆ ಪದರಕ್ಕೆ ಇನ್ನೊಂದು. ಕಸ, ಜೋಳದ ಕೂಳೆ, ಹುಲ್ಲು ಎಲ್ಲ ಅದರಲ್ಲಿ. ಮೊದಲು ತುಂಬುವುದು ಫೋರ್ಕಿನ ಕೊರಳು, ಆಮೇಲೆ ಬಾಟಮ್ ಬ್ರಾಕೆಟ್ ಹಿಂದಿನ ಸಂದು. ಹಿಂದಿನ ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಈಗ ಬಲ ಹಾಕಿ ತುಳಿಯಬೇಡಿ. ಗೇರ್ ಸೈಕಲ್ ಮುರಿಯುವುದು ಈ ಹೊತ್ತಿನಲ್ಲೇ. ನಿಮ್ಮದು ಮುರಿಯುವುದಿಲ್ಲ, ಆದರೆ ಮುಂದೆಯೂ ಹೋಗುವುದಿಲ್ಲ. ಜಾಲಿ ಕಡ್ಡಿ ಒಂದು ಹುಡುಕಿ, ಸಂದು ಕೆರೆಯಿರಿ, ಹೆಗಲ ಮೇಲೆ ಹೊತ್ತು ಬದುವಿನ ಹುಲ್ಲಿಗೆ ಬನ್ನಿ. ಒದ್ದೆಯಲ್ಲಿ ದಾರಿಗಿಂತ ಹುಲ್ಲಿನ ಅಂಚು ವಾಸಿ.

ಟೈರ್ 2.2 ಇಂಚಿನದು ಇದ್ದು, ಫ್ರೇಮಿನಲ್ಲಿ ಸುತ್ತ ಜಾಗ ಇದ್ದರೆ ಸ್ವಲ್ಪ ದೂರ ಜಾಸ್ತಿ ಹೋಗಬಹುದು. ಮಸಾರಿ (ಕೆಂಪು ಮಣ್ಣಿನ) ನೆಲ ಹಾಗಲ್ಲ, ಮಳೆ ನಿಂತ ಕೆಲವು ಗಂಟೆಗೆ ಓಡಿಸುವ ಹಾಗೆ ಆಗುತ್ತದೆ. ಎರಿ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ. ಹಿಂಗಾರಿ ಮಳೆ ಇರುವುದರಿಂದ ಅಕ್ಟೋಬರಿನಲ್ಲೂ ಇದೇ ಕಥೆ.

ಬೇಸಿಗೆಯಲ್ಲಿ ಎರಿ ಬಿರಿಯುತ್ತದೆ. ಬಿರುಕು ನಿಮ್ಮ ದಾರಿಯ ಉದ್ದಕ್ಕೇ ಇದ್ದರೆ ಹುಷಾರು, ಮುಂದಿನ ಟೈರು ಅದರೊಳಗೆ ಸೇರಿಕೊಂಡರೆ ಹ್ಯಾಂಡಲ್ ತಿರುಗುವುದಿಲ್ಲ. ಅಡ್ಡಡ್ಡ ದಾಟಿ.

ಮುಳ್ಳು? ದಿನಾ ಪಂಚರ್ ಆಗುತ್ತೆ.

ಜಾಲಿ ಮುಳ್ಳು ದೊಡ್ಡದು, ನೆಗ್ಗಿನ ಮುಳ್ಳು ಸಣ್ಣದು. ಎರಡೂ ಟ್ಯೂಬಿಗೆ ಶತ್ರು. ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿ. ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಟೈರಿನಲ್ಲಿ ಮುಳ್ಳು ಕಂಡರೆ ರೇಸ್ ನಡುವೆ ಕೀಳಬೇಡಿ, ಮನೆಗೆ ಬಂದು ಕಿತ್ತು ಚಕ್ರ ತಿರುಗಿಸಿ. ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗುತ್ತದೆ, ಎರಡು ಮೂರು ತಿಂಗಳಿಗೊಮ್ಮೆ ನೋಡಿ ಮತ್ತೆ ಹಾಕಿ.

ಮುಳ್ಳಿಗಿಂತ ದೊಡ್ಡ ಕಾಟ ಕಲ್ಲು. ಗದಗಿನ ಗುಡ್ಡಗಳದ್ದು ಧಾರವಾಡ ಶಿಲಾವರ್ಗದ ಹಳೇ ಕಲ್ಲು. ಪದರು ಪದರಾಗಿ ಸೀಳುತ್ತದೆ, ಸೀಳಿದ ಅಂಚು ಚೂಪು. ಅದು ಟೈರಿನ ಪಕ್ಕದ ಗೋಡೆ ಕೊಯ್ಯುತ್ತದೆ. ಸೀಲಂಟ್ ಅದನ್ನು ಮುಚ್ಚಲಾರದು. ಪಕ್ಕ ಗಟ್ಟಿ ಇರುವ ಟೈರ್ ತಗೊಳ್ಳಿ, ನೂರು ಗ್ರಾಂ ಜಾಸ್ತಿ ಆದರೂ ಆಗಲಿ.

ಗಾಳಿ ಎಷ್ಟು?

70 ಕಿಲೋ ತೂಕದವರಿಗೆ, 2.4 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಮುಂದೆ 20–22, ಹಿಂದೆ 23–25 ಪಿಎಸ್‌ಐ. ಪೆಟ್ರೋಲ್ ಬಂಕಿನಲ್ಲಿ ಬೈಕಿಗೆ ಹಾಕುವ ಹಾಗೆ 35 ಹಾಕಿಸಿಕೊಂಡರೆ ಏರಿನಲ್ಲಿ ಹಿಡಿತವೇ ಇರುವುದಿಲ್ಲ.

ರಿಜಿಡ್ ಫೋರ್ಕ್ ಸಾಕಾ, ಸಸ್ಪೆನ್ಷನ್ ಬೇಕಾ?

ರಿಜಿಡ್ ಅಂದರೆ ಸಸ್ಪೆನ್ಷನ್ ಇಲ್ಲದ್ದು. ಹಗುರ, ಸರ್ವಿಸ್ ಇಲ್ಲ, ನಿಂತು ತುಳಿದಾಗ ಕುಣಿಯುವುದಿಲ್ಲ. ಕೆಂಪು ಮಣ್ಣಿನ ದಾರಿಗೆ ಅದೇ ಸಾಕು. ಕಲ್ಲಿನ ಇಳಿಜಾರು ಇರುವ ರೇಸಿಗೆ ಮಾತ್ರ ನಾನು 100 ಅಥವಾ 120 ಮಿ.ಮೀ ಫೋರ್ಕ್ ಪರವಾಗಿ. ಗೇರ್ ಇಲ್ಲದವರು ಇಳಿಜಾರಿನಲ್ಲೇ ಉಸಿರು ತಿರುಗಿಸಿಕೊಳ್ಳಬೇಕು. ಅಲ್ಲೂ ಕೈ ನಡುಗುತ್ತಿದ್ದರೆ ಮುಂದಿನ ಏರಿಗೆ ಹ್ಯಾಂಡಲ್ ಎಳೆಯಲು ಬಲ ಎಲ್ಲಿಂದ ಬರಬೇಕು? ಬೇಕಾದಾಗ ಸಸ್ಪೆನ್ಷನ್ ಕುಣಿಯದ ಹಾಗೆ ಬಿಗಿಯುವ ಲಾಕ್‌ಔಟ್ ಇರಲಿ. ಮುಂದೆ 180 ಮಿ.ಮೀ ಡಿಸ್ಕ್ ಇರಲಿ.

ಚೈನಿನ ಬದಲು ಬೆಲ್ಟ್ ಡ್ರೈವ್?

ಬೇಡ. ಫ್ರೇಮನ್ನೇ ಅದಕ್ಕೆ ತಕ್ಕಂತೆ ಬಿಚ್ಚುವ ಹಾಗೆ ಮಾಡಿಸಬೇಕು, ಹಲ್ಲು ಬದಲಿಸುವುದೂ ದುಬಾರಿ.

ರೇಸಿನಲ್ಲಿ ಗೇರ್ ಇದ್ದವರ ಜೊತೆ ಹೇಗೆ ಆಡೋದು?

ಶುರುವಿನ ಸಪಾಟು ದಾರಿಯಲ್ಲಿ ನೀವು ಹಿಂದೆ ಬೀಳುತ್ತೀರಿ. ಅವರು 30ರಲ್ಲಿ ಹೋಗುತ್ತಿರುತ್ತಾರೆ, ನಿಮ್ಮ ಕಾಲು 24ಕ್ಕೇ ಹುಚ್ಚೆದ್ದು ತಿರುಗುತ್ತಿರುತ್ತದೆ. ಮೊದಲ 100 ಮೀಟರಿನಲ್ಲಿ ಮಾತ್ರ ನಿಮಗೆ ಲಾಭ, ಗೇರ್ ಹುಡುಕದೆ ಒಮ್ಮೆಲೇ ಜಿಗಿಯಬಹುದು. ಆ ಜಿಗಿತದಲ್ಲಿ ಯಾರಾದರೂ ಗಟ್ಟಿಗರ ಹಿಂಬದಿ ಹಿಡಿದು, ಗಾಳಿ ತಪ್ಪಿಸಿಕೊಂಡು, ಎಷ್ಟು ದೂರ ಆಗುತ್ತದೋ ಅಷ್ಟು ದೂರ ಅಂಟಿಕೊಳ್ಳಿ.

ಕಷ್ಟ ಇರುವುದು ಮುಂದಿನ ಹಂತದಲ್ಲಿ. ಕಿರಿದಾದ ದಾರಿ, ಏರು, ನಿಮ್ಮ ಮುಂದೆ ಹಗುರ ಗೇರಿನಲ್ಲಿ ಕೂತು ತುಳಿಯುವವರು. ನೀವು ನಿಧಾನ ಆಗುವ ಹಾಗಿಲ್ಲ, ಅವರು ಜೋರಾಗುವುದಿಲ್ಲ. ಅವರ ಹಿಂದಿನ ಟೈರಿಗೆ ಮೂಗು ತಾಗಿಸಿ ಹೋದರೆ ಅವರು ನಿಂತಾಗ ನೀವೂ ನಿಲ್ಲುತ್ತೀರಿ. ಏರಿನ ಮೊದಲೇ ಎರಡು ಮೂರು ಸೈಕಲ್ ಉದ್ದ ಜಾಗ ಬಿಡಿ. ಆ ಜಾಗವನ್ನು ಬಳಸಿ ವೇಗ ಹಿಡಿದು, ಅಗಲ ಇರುವ ಕಡೆ "ಬಲಕ್ಕೆ ಬಂದೆ" ಅಂತ ಜೋರಾಗಿ ಕೂಗಿ ದಾಟಿ. ಒರಟಾಗಿ ಅಲ್ಲ, ಮುಂದಿನ ಸಪಾಟಿನಲ್ಲಿ ಅವರೇ ನಿಮ್ಮನ್ನು ದಾಟುತ್ತಾರೆ, ಅವರ ಹಿಂಬದಿ ಮತ್ತೆ ಬೇಕಾಗುತ್ತದೆ.

ಮೊಣಕಾಲು ನೋವು ಬರಲ್ವಾ?

ಭಾರದ ಗೇರ್ ಹಾಕಿಕೊಂಡು ಕೂತೇ ತುಳಿದರೆ ಬರುತ್ತದೆ. ನಿಂತು ತುಳಿಯುವುದು, ಮೈಭಾರ ಬಳಸುವುದು ಕಲಿತರೆ ಕಡಿಮೆ. ಸೀಟು ಕೆಳಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ. ಮೊದಲು ಸೀಟು ಎತ್ತರ ನೋಡಿ, ಆಮೇಲೆ ಗೇರ್ ಒಂದು ಹಲ್ಲು ಹಗುರ ಮಾಡಿ. ಬೆಳೆಯುವ ವಯಸ್ಸಿನ ಮಕ್ಕಳಿಗೆ ಯಾವಾಗಲೂ ಹಗುರ ಗೇರ್. ನೋವು ವಾರದ ಮೇಲೆ ಉಳಿದರೆ ಎಣ್ಣೆ ತಿಕ್ಕಿಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ನಡು ನೋವು ಬಹಳ ಜನಕ್ಕೆ ಬರುತ್ತದೆ. ಏರಿನಲ್ಲಿ ಹ್ಯಾಂಡಲ್ ಎಳೆಯುವ ಬಲ ನಡುವಿನ ಮೂಲಕವೇ ಹೋಗುತ್ತದೆ. ಡೆಡ್‌ಲಿಫ್ಟ್, ಪುಲ್ ಅಪ್, ಪ್ಲ್ಯಾಂಕ್, ವಾರಕ್ಕೆ ಎರಡು ಸಲ ಸಾಕು.

ತರಬೇತಿ ಎಲ್ಲಿ, ಹೇಗೆ?

ಒಂದು ಏರು ಹುಡುಕಿ, ಎರಡರಿಂದ ನಾಲ್ಕು ನಿಮಿಷದ್ದು. ನಿಂತು ಹತ್ತಿ, ಆರಾಮಾಗಿ ಇಳಿಯಿರಿ, ಮತ್ತೆ ಹತ್ತಿ. ಇನ್ನೊಂದು ದಿನ ಸಪಾಟಿನಲ್ಲಿ ಕಾಲು ಬೇಗ ತಿರುಗಿಸುವ ಅಭ್ಯಾಸ, 110ರ ಮೇಲೆ, ಸೀಟಿನ ಮೇಲೆ ಕುಪ್ಪಳಿಸದೆ. ಜನ ಇದನ್ನೇ ಬಿಡುತ್ತಾರೆ. ಏರಿನಲ್ಲಿ ಗಳಿಸಿದ್ದನ್ನು ಸಪಾಟಿನಲ್ಲಿ ಕಳೆದುಕೊಳ್ಳುವುದು ಇದಕ್ಕೇ.

ಜಾಗದ ವಿಷಯಕ್ಕೆ ಬಂದರೆ, ಹುಬ್ಬಳ್ಳಿಯ ನೃಪತುಂಗ ಬೆಟ್ಟದಂಥ ಕಡೆ ಬೆಳಗ್ಗೆ ವಾಕಿಂಗ್ ಬರುವ ಹಿರಿಯರು ಇರುತ್ತಾರೆ, ಅಲ್ಲಿ ರೇಸ್ ಆಟ ಬೇಡ. ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಕತ್ತೆಕಿರುಬ, ತೋಳ, ಚಿರತೆ ಇರುವ ಕಾಡು, ಔಷಧಿ ಗಿಡಗಳ ಗುಡ್ಡ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳದಾರಿಗೆ ಸೈಕಲ್ ಇಳಿಸಬಾರದು. ಡೋಣಿ ಕಡೆಯಿಂದ ದೇವಸ್ಥಾನಕ್ಕೆ ಜನ ಓಡಾಡುವ ರಸ್ತೆ ಇದೆ, ಅದರಲ್ಲೂ ಗೇಟಿನಲ್ಲಿ ಕೇಳಿಕೊಂಡೇ ಹೋಗಿ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮಕ್ಕೂ ಇದೇ ಮಾತು. ಹೊಲದ ಬದುವಿನ ಮೇಲೆ ಹೋಗುವುದಾದರೆ ಹೊಲದವರನ್ನು ಕೇಳಿ. ಕೇಳಿದರೆ ಬೇಡ ಅನ್ನುವುದು ಅಪರೂಪ, ನೀರು ಕೊಟ್ಟು ಕಳಿಸುವುದೇ ಜಾಸ್ತಿ.

ಏನು ತಿನ್ನಲಿ?

ಹಿಂದಿನ ರಾತ್ರಿ ಮಿರ್ಚಿ ಭಜಿ ಬಿಡಿ. ರೊಟ್ಟಿ, ಅನ್ನ, ಯಾವುದು ನಿಮಗೆ ರೂಢಿಯೋ ಅದು. ರೇಸಿನಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಹೊಟ್ಟೆಗೆ ಬೀಳಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಶೇಂಗಾ ಉಂಡಿ ರುಚಿ, ಆದರೆ ಎಣ್ಣೆ ಅಂಶ ಜಾಸ್ತಿ, ರೇಸ್ ಮುಗಿದ ಮೇಲೆ ತಿನ್ನಿ. ಕಲ್ಲಿನ ದಾರಿಯಲ್ಲಿ ಹ್ಯಾಂಡಲಿನಿಂದ ಕೈ ತೆಗೆಯಲು ಆಗಲ್ಲ, ಹಾಗಾಗಿ ಎಲ್ಲಿ ತಿನ್ನಬೇಕು ಅನ್ನುವುದನ್ನೂ ಕೋರ್ಸ್ ನೋಡುವಾಗಲೇ ಗುರುತು ಮಾಡಿಕೊಳ್ಳಿ. ಬಾಟಲಿಗೆ ಬೆಲ್ಲ, ನಿಂಬೆ, ಚಿಟಿಕೆ ಉಪ್ಪು.

ಹಾಗಾದ್ರೆ ಗೇರ್ ಸೈಕಲ್ ಮಾರಿಬಿಡಲಾ?

ಮಾರಬೇಡಿ. ಚಕ್ರ ಬೇರೆ ಇದ್ದರೆ ಅದೇ ಫ್ರೇಮಿಗೆ ಒಂದು ತಿಂಗಳು ಸಿಂಗಲ್‌ಸ್ಪೀಡ್ ಹಾಕಿ ನೋಡಿ. ಬಿಚ್ಚಿದ ಡಿರೇಲರ್, ಶಿಫ್ಟರ್, ಕ್ಯಾಸೆಟ್ ಎಲ್ಲ ಎಣ್ಣೆ ಒರೆಸಿ ಒಂದು ಡಬ್ಬಿಯಲ್ಲಿಡಿ. ಹ್ಯಾಂಗರಿನ ಸಣ್ಣ ಬೋಲ್ಟ್ ಮಾತ್ರ ಬೇರೆ ಕವರಿನಲ್ಲಿ ಹಾಕಿ ಹೆಸರು ಬರೆದಿಡಿ. ಕಳೆದುಹೋಗುವುದು ಯಾವಾಗಲೂ ಅದೇ.